ಎಲೆಕೋಸಿನ ನೀರು

ಮಾರ್ಚ್‌ನಲ್ಲಿ ಹಿಮ ಕರಗಿದರೆ ಊರಿಗೆಲ್ಲ ಖುಷಿ, ವೆತೂರಿಯಾಗೆ ಮಾತ್ರ ತಲೆನೋವು. ಕರಗಿದ ನೀರು ಎಣ್ಣೆ ಕಾರ್ಖಾನೆಯ ಕೊಳಚೆಗೆ ಬೆರೆತು ಅದನ್ನು ಸಪ್ಪೆ ಮಾಡುತ್ತದೆ. ಉಪ್ಪಿಲ್ಲದ ನೀರಿನಲ್ಲಿ ಹರಿಯಲು ವಿದ್ಯುತ್ತು ಸತಾಯಿಸುತ್ತದೆ. ಕೊಳಚೆಯನ್ನು ವಿದ್ಯುತ್ತಿನಿಂದ ತಿಳಿಮಾಡಲು ಅವಳು ಕಟ್ಟಿದ್ದ ಗಾಜಿನ ತೊಟ್ಟಿಯಲ್ಲಿ ಅಲ್ಯೂಮಿನಿಯಂ ತಗಡುಗಳು ಸುಮ್ಮನೆ ನಿಂತಿದ್ದವು. ಹತ್ತು ಗಂಟೆಗೆ ಕಾರ್ಖಾನೆಯ ಮುಖ್ಯಸ್ಥ ದ್ರಗುಲೆಸ್ಕು ಪರೀಕ್ಷೆ ನೋಡಲು ಬರುತ್ತಾನೆ. ಅಷ್ಟರಲ್ಲಿ ನೀರು ತಿಳಿಯಾಗದಿದ್ದರೆ ಅವಳ ಹನ್ನೆರಡು ವರ್ಷದ ದುಡಿಮೆ ಗುಜರಿಗೆ.

ಉಪ್ಪಿನ ಚೀಲ ಖಾಲಿ. ಪಂಪು ನೋಡಿಕೊಳ್ಳುವ ಮಿತ್ರೆಯಾ ಅದನ್ನೆಲ್ಲ ಅಂಗಳದ ಮಂಜುಗಡ್ಡೆಯ ಮೇಲೆ ಎರಚಿಬಿಟ್ಟಿದ್ದ.

"ಯಾರೂ ಜಾರಿ ಬೀಳ್ಬಾರ್ದು ಅಂತ ಹಾಕ್ದೆ ಅಕ್ಕಾ."

"ನಿನ್ನ ಪುಣ್ಯಕ್ಕೆ ಬೆಂಕಿ ಹಾಕ! ಆ ಜಾಡೀಲೇನಿದೆ?"

"ಎಲೆಕೋಸು ಹುಳಿ ಹಾಕಿದ್ದ ಉಪ್ಪುನೀರು. ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲ, ಅದಕ್ಕೇ ಮದ್ದು."

"ಕೊಡಿಲ್ಲಿ!"

ಅವನು ಬಾಯಿ ಬಿಡುವುದರೊಳಗೆ ಜಾಡಿಯನ್ನು ತೊಟ್ಟಿಗೆ ಬಗ್ಗಿಸಿಬಿಟ್ಟಳು. ಮೀಟರಿನ ಮುಳ್ಳು ಮೆಲ್ಲಗೆ ಎದ್ದಿತು. ತಗಡುಗಳಿಂದ ಸಣ್ಣ ಸಣ್ಣ ಗುಳ್ಳೆಗಳು ಹೊರಟವು, ಕಾಯುವ ಹಾಲಿನ ಹಾಗೆ. ಒಂದೊಂದೂ ಒಂದಿಷ್ಟು ಎಣ್ಣೆಯನ್ನು ಹೊತ್ತು ಮೇಲೇರಿ ನೊರೆಯಾಯಿತು. ನೋಡುತ್ತ ನೋಡುತ್ತ ವೆತೂರಿಯಾಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಣ್ಣು ತೆರೆದೇ ಇತ್ತು, ಆದರೂ ಕಾರ್ಖಾನೆಯ ಕೊಳಚೆ ಸೇರುವ ತೆಲೆಯಾಜೆನ್ ಹೊಳೆಯಲ್ಲಿ ಗಂಡ ಆಂಗೆಲ್ ಪ್ಯಾಂಟು ಮಡಚಿಕೊಂಡು ನಿಂತಿದ್ದ. ಕೈಯಲ್ಲಿ ಗಾಳ, ಕಾಲ ಬಳಿ ಬೆಳ್ಳಿಮೀನು. "ಬರ್ತಾವೆ ಕಣೇ, ಮೀನು ಬಂದೇ ಬರ್ತಾವೆ" ಎಂದ. ಬರುವುದನ್ನು ನೋಡದೆಯೇ ಅವನು ತೀರಿಹೋಗಿ ಆರು ವರ್ಷವಾಗಿತ್ತು.

"ಅಕ್ಕಾ, ಸಾಹೇಬ್ರು!"

ನೊರೆ ತೆಗೆದಾಗ ತೊಟ್ಟಿಯ ತಳ ಕಂಡಿತು. ಆ ಕಾರ್ಖಾನೆಯ ಹಳೆಯ ಪದ್ಧತಿಯಂತೆ, ತಿಳಿನೀರನ್ನು ಭರಣಿಗೆ ತುಂಬಿ ಮೀನೊಂದನ್ನು ಬಿಟ್ಟಳು. ಮೀನು ಒಂದು ಸುತ್ತು ಹಾಕಿ, ಆರಾಮಾಗಿ ಬಾಲ ಆಡಿಸಿತು.

ದ್ರಗುಲೆಸ್ಕು ಮೂಗರಳಿಸಿದ. "ಏನಿದು, ಎಲೆಕೋಸಿನ ವಾಸನೆ?"

"ನನ್ನ ಬಾಯಿದು ಸಾಹೇಬ್ರೇ" ಎಂದ ಮಿತ್ರೆಯಾ.

ಸುಮ್ಮನಿದ್ದರೆ ಗೆದ್ದ ಹಾಗೆಯೇ. ಆದರೆ ಅವಳಿಂದ ಆಗಲಿಲ್ಲ. "ಇಲ್ಲ ಸಾಹೇಬ್ರೇ, ನಾನೇ ಸುರಿದೆ. ಉಪ್ಪಿರಲಿಲ್ಲ."

"ಹಾಗಾದ್ರೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ, ವೆತೂರಿಯಾ."

"ಗೊತ್ತು."

ಅವನು ಹೊರಡಲೆಂದು ತಿರುಗಿದವನು ಭರಣಿಯ ಮುಂದೆ ನಿಂತ. "ಮೀನು ತೆಲೆಯಾಜೆನ್‌ದಾ?"

"ಸಂತೇದು. ತೆಲೆಯಾಜೆನ್‌ನಲ್ಲಿ ಮೀನೆಲ್ಲಿದೆ, ನೀವೇ ಹೇಳಿ."

ದ್ರಗುಲೆಸ್ಕು ಹುಟ್ಟಿದ್ದೂ ಆ ಹೊಳೆಯ ದಂಡೆಯಲ್ಲೇ. ಅವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಕುಳಿತ.

"ಮಿತ್ರೆಯಾ, ಅಂಗಡಿಗೆ ಓಡು, ಉಪ್ಪು ತಗೊಂಡು ಬಾ. ನಾನು ಕಾಯ್ತೀನಿ."