ಐದು ಕೈ ಸುಣ್ಣ

ಬೀಗರು ಭಾನುವಾರ ಬರುತ್ತಾರೆಂದು ಫೋನ್ ಬಂದಾಗ ಮೊಂಜಿಯಾ ತಿರುಗಿ ಬಾಗಿಲ ಕಡೆ ನೋಡಿದಳು. ಅಡುಗೆಯ ಯೋಚನೆ ಆಮೇಲೆ ಬಂತು. ಮೊದಲು ಕಣ್ಣಿಗೆ ಕಟ್ಟಿದ್ದು ಬಾಗಿಲ ಪಕ್ಕದ ಕಲ್ಲು.

ಹುಡುಗ ಸ್ಕಂದರನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಮಗಳು ವಹೀದಾ ಒಪ್ಪಿದ್ದಳು, ಮೊಂಜಿಯಾ ಒಪ್ಪಿದ್ದಳು, ಬೀದಿಯೇ ಒಪ್ಪಿತ್ತು. ಟ್ಯೂನಿಸ್ಸಿನಿಂದ ಅವನ ಅಪ್ಪ ಅಮ್ಮ ಬಂದು ಫಾತಿಹಾ ಓದಿಬಿಟ್ಟರೆ ಮದುವೆ ನಿಶ್ಚಯವಾದಂತೆ. ಆದರೆ ಆ ಅಪ್ಪ ತಿಜಾನಿ, ಗೌರವಕ್ಕೆ ಎಲ್ಲರ ಬಾಯಲ್ಲೂ ಸಿ ತಿಜಾನಿ, ಪುರಾತತ್ವ ಇಲಾಖೆಯಲ್ಲಿ ಮೂವತ್ತೈದು ವರ್ಷ ರೋಮನ್ನರ ಶಾಸನ ಓದಿ ನಿವೃತ್ತನಾದ ಮನುಷ್ಯ. "ಮೊದಲು ಡುಗ್ಗಾದ ಹಾಳೂರು ನೋಡೋಣ, ಎಷ್ಟೋ ವರ್ಷ ಆಯ್ತು. ಆಮೇಲೆ ನಿಮ್ಮನೆಗೆ ಊಟಕ್ಕೆ," ಎಂದು ಫೋನಿನಲ್ಲಿ ಹೇಳಿದ್ದ.

ಆ ಕಲ್ಲಿನ ಮೇಲೆ ನಾಲ್ಕು ಸಾಲು ಅಕ್ಷರಗಳಿದ್ದವು. ಮೊಂಜಿಯಾಳ ಮಾವನ ಕಾಲದಲ್ಲಿ ಜನ ಡುಗ್ಗಾದ ಹಾಳೂರಿನೊಳಗೇ ಸಂಸಾರ ಹೂಡಿದ್ದರು. ರೋಮನ್ನರ ಗುಡಿಗೆ ಒರಗಿಸಿ ಮನೆ, ರೋಮನ್ನರ ಸ್ನಾನದ ಮನೆಯಲ್ಲಿ ಮೇಕೆ. ಸರ್ಕಾರ ಅವರನ್ನೆಲ್ಲ ಎಬ್ಬಿಸಿ ಕೆಳಗಿನ ಹೊಸ ಡುಗ್ಗಾಕ್ಕೆ ಕಳಿಸಿದಾಗ ಮುದುಕ ತನ್ನ ಬಾಗಿಲ ಕಲ್ಲನ್ನು ಎರಡು ಹೇಸರಗತ್ತೆ ಕಟ್ಟಿ ಎಳೆಸಿಕೊಂಡು ಬಂದ. ಮನೆ ಬಿಡಿ ಅಂದರು ಬಿಟ್ಟೆ, ಹೊಸಿಲನ್ನೂ ಬಿಡಬೇಕೇ ಎಂಬುದು ಅವನ ವಾದ. ಅವನ ಮಟ್ಟಿಗೆ ಅದು ಸರಿಯೇ. ಎಡವಟ್ಟಾದದ್ದು ಮಗನಿಂದ. ಆ ಮಗ, ಮೊಂಜಿಯಾಳ ಗಂಡ ಬೆಶೀರ್, ಅದೇ ಹಾಳೂರಿಗೆ ಕಾವಲುಗಾರನಾಗಿ ಸೇರಿಕೊಂಡ. ಪ್ರವಾಸಿಗರು ಹೆಂಚಿನ ಚೂರು ಜೇಬಿಗಿಳಿಸಿದರೂ ಹಿಡಿದು ನೀರಿಳಿಸುವವನ ಮನೆಯ ಬಾಗಿಲಲ್ಲೇ ಆಳುದ್ದದ ಕಲ್ಲು! ಸಮವಸ್ತ್ರ ತೊಟ್ಟ ದಿನದಿಂದ, ಅಂದರೆ ಮೂವತ್ತು ವರ್ಷದಿಂದ, ಬೆಶೀರ್ ಅದರ ಮೇಲೆ ಕೂತಿಲ್ಲ. ಮೊಂಜಿಯಾ ಮಾತ್ರ ದಿನಾ ಅದರ ಮೇಲೆ ಕೂತೇ ಬಟಾಣಿ ಬಿಡಿಸುತ್ತಿದ್ದಳು.

"ಒಡೆದು ಹಾಕ್ರಿ ಅತ್ಲಾಗೆ," ಅಂದಳು.

"ಬಾಯಲ್ಲಿ ಬರೋ ಮಾತೇನೇ ಅದು? ಕಾವಲುಗಾರ ಕಣೇ ನಾನು!"

"ಕಳ್ಳನೂ ಹೌದಲ್ಲ."

"ಕದ್ದಿದ್ದು ನಮ್ಮಪ್ಪ."

"ಸತ್ತೋರ ತಲೆಗೆ ಕಟ್ಟಬೇಡಿ. ಹೂತುಬಿಡಿ ಹಾಗಾದ್ರೆ."

"ಹೊಸದಾಗಿ ಅಗೆದ ಮಣ್ಣು ಕಂಡ್ರೆ ಆ ಮನುಷ್ಯ ಸುಮ್ನಿರ್ತಾನಾ? ಅವರ ಕಸುಬೇ ಅದು."

ವಹೀದಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಅಮ್ಮಾ, ಹೇಳಿಬಿಡೋಣ. ಸ್ಕಂದರ್‌ಗೆ ನಾನೇ ಹೇಳ್ತೀನಿ."

"ಬಾಯ್ಮುಚ್ಚು. ನಿಮ್ಮಪ್ಪನ ನಿವೃತ್ತಿಗೆ ಇನ್ನೊಂದೇ ವರ್ಷ. ಕೆಲಸನೂ ಹೋಗಿ ನಿನ್ನ ಮದುವೆನೂ ನಿಂತ್ರೆ ಸ್ಕಂದರ್ ಬಂದು ಕಣ್ಣೊರೆಸ್ತಾನಾ? ಫಾತಿಹಾ ಆಗ್ಲಿ, ಆಮೇಲೆ ಊರಿಗೆಲ್ಲ ಡಂಗುರ ಹೊಡಿ."

ಮದುವೆ ಮಾತಿಗೆ ಮುಂಚೆ ಮನೆಗೆ ಸುಣ್ಣ ಹೊಡೆಯುವುದು ಅಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಗೋಡೆಯ ಜೊತೆಗೆ ಕಲ್ಲಿಗೂ ಬಳಿದರೆ ಯಾರು ಕೇಳುತ್ತಾರೆ? ಬುಧವಾರ ಮೊಂಜಿಯಾ ಮೊದಲ ಕೈ ಬಳಿದಳು. ಅಕ್ಷರಗಳು ಹಾಗೇ ಇಣುಕಿದವು. ಗುರುವಾರ ಗಟ್ಟಿಯಾಗಿ ಕಲಸಿ ಎರಡನೆಯ ಕೈ. ಶುಕ್ರವಾರ ಮತ್ತೆರಡು. ಗೋಡೆಗೆ ಮಾತ್ರ ಒಂದೇ ಕೈ. "ಹಾಗೆ ಬಳಿದ್ರೆ ಕಲ್ಲು ಹೋಗಿ ಸಾಬೂನು ಆಗತ್ತೆ," ಎಂದು ಬೆಶೀರ್ ಗೊಣಗಿದ. ಅವಳು ಶನಿವಾರ ಸಂಜೆ ಐದನೆಯ ಕೈಯನ್ನೂ ಬಳಿದು ಬಿಟ್ಟಳು.

ಅವನೂ ಕೈಕಟ್ಟಿ ಕೂತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಡಲೆಕಾಳು ಜೋಡಿಸಿ ಬೀಗರ ದಾರಿಯನ್ನು ತೀರ್ಮಾನಿಸಿದ.

"ಇದು ನಾಟಕಶಾಲೆ. ಮೆಟ್ಟಿಲೆಲ್ಲ ಹತ್ತಿಸ್ತೀನಿ. ಇದು ದೊಡ್ಡ ಗುಡಿ, ಇದು ಸ್ನಾನದ ಮನೆ. ಕಡೆಗೆ ಇದು, ತಗ್ಗಿನಲ್ಲಿರೋ ಗೋರಿ ಗೋಪುರ. ಇಳಿಯೋದು ಸುಲಭ. ವಾಪಸ್ ಹತ್ತಬೇಕಲ್ಲ, ಆಗ ಇದೆ. ಎಪ್ಪತ್ತು ದಾಟಿದ ಮೊಣಕಾಲು. ನಮ್ಮನೆ ಬಾಗಿಲಿಗೆ ಬರೋ ಹೊತ್ತಿಗೆ ಕಸ್ಕಸ್ ತಟ್ಟೆ ಬಿಟ್ಟು ಇನ್ನೇನೂ ಕಣ್ಣಿಗೆ ಕಾಣಲ್ಲ."

ಮೊಂಜಿಯಾ ಗೋರಿ ಗೋಪುರದ ಕಾಳನ್ನು ಇನ್ನೂ ಒಂದು ಗೇಣು ದೂರ ಸರಿಸಿದಳು. "ಅಲ್ಲಿ ನಿಲ್ಲಿಸಿ ಮಾತಾಡಿ. ಬೇಗ ಕರ್ಕೊಂಡು ಬರಬೇಡಿ."

ಭಾನುವಾರ ಬೆಳಗ್ಗೆ ನೋಡಿದರೆ ಮೋಡ. ಕಲ್ಲಿಗೆ ಬೆರಳಿಟ್ಟಳು, ಬೆರಳು ಬೆಳ್ಳಗಾಯಿತು. ಐದನೆಯ ಕೈ ಒಣಗಿರಲಿಲ್ಲ. ಕುರಿಮಾಂಸಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಇನ್ನೊಮ್ಮೆ ಹಾಕಹೋದಳು, ವಹೀದಾ ಕೈ ಹಿಡಿದಳು. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಕಲ್ಲಿಗೆ ಬೀಸಣಿಗೆ ಬೀಸಿ ಬಂದಳು. ಕಲ್ಲಿಗೆ ಗಾಳಿ ಹಾಕುವ ಹೆಂಗಸನ್ನು ಕಂಡ ಎದುರುಮನೆಯವಳು ಏನಂದುಕೊಂಡಳೋ, ಪರದೆ ಎಳೆದುಕೊಂಡಳು.

ಬೆಶೀರ್ ಕದ್ದು ಕದ್ದು ಫೋನ್ ಮಾಡಿದ. "ನಾಟಕಶಾಲೆ ಆಯ್ತು. ಮುದುಕ ಮೇಕೆ ಹತ್ತಿದಂಗೆ ಹತ್ತಿದ." ಆಮೇಲೆ, "ಗೋಪುರಕ್ಕೆ ಇಳಿದ್ವಿ. ಈಗ ಏದುಸಿರು." ಕೊನೆಗೆ, "ಮೇಲೆ ಬಂದ್ವಿ. ಕಾಲು ಎಳೀತಿದಾನೆ. ಹೊರಟ್ವಿ."

"ಒಣಗಿಲ್ಲ ರೀ," ಎಂದಳು. ಫೋನ್ ಆಗಲೇ ಕಡಿದಿತ್ತು.

ಒಳಗೆ ಕುರ್ಚಿ ಹಾಕಿದಳು, ಬಾಗಿಲು ಪೂರಾ ತೆರೆದಳು, ತಾನು ಬಂದು ಕಲ್ಲಿಗೆ ಅಡ್ಡವಾಗಿ ನಿಂತಳು. ಪ್ರಾಣ ಹೋದರೂ ಕದಲುವುದಿಲ್ಲ ಎಂದುಕೊಂಡಿದ್ದಳು. ಆದರೆ ಕಾರಿನಿಂದ ಮೊದಲು ಇಳಿದದ್ದು ಬೀಗಿತ್ತಿ ಲಲ್ಲಾ ದಲಂದಾ. ಎರಡೂ ಕೈ ಚಾಚಿ ಬರುವ ಬೀಗಿತ್ತಿಯನ್ನು ನಿಂತಲ್ಲೇ ನಿಂತು ಎದುರುಗೊಂಡರೆ ಏಳು ತಲೆಮಾರಿಗೂ ಮಾತು ಬರುತ್ತದೆ. ಮೊಂಜಿಯಾ ನಾಲ್ಕು ಹೆಜ್ಜೆ ಮುಂದೆ ಹೋದಳು. ಈ ಕೆನ್ನೆಗೆ ಎರಡು ಮುತ್ತು, ಆ ಕೆನ್ನೆಗೆ ಎರಡು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ, ತಾಯಿ ಹೇಗಿದ್ದಾರೆ.

ತಿರುಗಿ ನೋಡಿದರೆ ಸಿ ತಿಜಾನಿ ಕಲ್ಲಿನ ಮೇಲೆ ಕೂತಿದ್ದ.

"ಅಬ್ಬಾ," ಎಂದು ಮೊಣಕಾಲು ಒತ್ತಿಕೊಳ್ಳುತ್ತಿದ್ದ. "ಬೀಗರು ನನ್ನನ್ನ ಕೊಂದೇಬಿಟ್ರು. ಸ್ವಲ್ಪ ಕೂತು ಒಳಗೆ ಬರ್ತೀನಮ್ಮ."

ಅವನು ಎದ್ದಾಗ ಕರಿ ಉಣ್ಣೆಯ ಕೋಟಿನ ಹಿಂದೆ ದೊಡ್ಡ ಬಿಳಿ ಮಚ್ಚೆ, ಅದರೊಳಗೆ ಎರಡು ಸಾಲು ಅಕ್ಷರ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಮೂಡಿದ್ದವು. ಸ್ಕಂದರ್ ಬಾಯಿ ತೆರೆದ, ವಹೀದಾಳ ಮುಖ ನೋಡಿ ಮುಚ್ಚಿಕೊಂಡ. ಲಲ್ಲಾ ದಲಂದಾ ಮಾತ್ರ, "ನಿನ್ನ ಕೋಟು!" ಎಂದು ಕೂಗಿದಳು. ಮುದುಕ ತಿರುಗಿದ, ಸುಣ್ಣ ಎದ್ದುಹೋದ ಕಲ್ಲನ್ನು ಕಂಡ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಬೆಶೀರ್ ಟೊಪ್ಪಿ ತೆಗೆದ. "ಅಪ್ಪ ತಂದದ್ದು, ಬೀಗರೇ. ಅವನು ತಂದ, ನಾನು ಮೂವತ್ತು ವರ್ಷ ಬಚ್ಚಿಟ್ಟೆ. ಹುಡುಗಿಗೂ ಇದಕ್ಕೂ ಸಂಬಂಧ ಇಲ್ಲ. ಇಲಾಖೆಗೆ ಬರೆಯೋದಾದ್ರೆ ನನ್ನ ಹೆಸರು ಬರೀರಿ."

ಮೊಂಜಿಯಾಳಿಗೆ ನಾಚಿಕೆಯೂ ಆಯಿತು, ಗಂಡನ ಮೇಲೆ ಹಿಂದೆಂದೂ ಬಾರದ ಪ್ರೀತಿಯೂ ಬಂತು.

"ಬರೀತೀನಿ," ಎಂದ ಸಿ ತಿಜಾನಿ. "ಬರೀದೆ ಬಿಡೋ ಮನುಷ್ಯ ಅಲ್ಲ ನಾನು. ಕಾವಲುಗಾರ ಬೆಶೀರ್ ತಾನಾಗಿ ಒಪ್ಪಿಸಿದ ಕಲ್ಲು, ಅಂತ ಬರೀತೀನಿ. ಈಗ ಒಪ್ಪಿಸಿದ್ರಲ್ಲ, ಸುಳ್ಳೇನಿಲ್ಲ. ನಾಳೆ ನಾಡಿದ್ದು ಕಲ್ಲು ಒಯ್ಯೋಕೆ ಗಾಡಿ ಬರತ್ತೆ. ಅಲ್ಲಮ್ಮಾ, ಎಷ್ಟು ಕೈ ಸುಣ್ಣ ಬಳಿದೆ?"

"ಐದು," ಎಂದಳು.

"ಸುಣ್ಣದಡಿ ಅಕ್ಷರ ಉಸಿರಾಡಲ್ಲ. ನೀರು ತಾ. ಇದು ತೊಳೆದಾಗ್ಲಿ, ಆಮೇಲೆ ಊಟ, ಆಮೇಲೆ ಫಾತಿಹಾ."

ಆಮೇಲೆ ಫಾತಿಹಾ! ಮೊಂಜಿಯಾ ಕೊಡ ತರಲು ಓಡಿದಳು.

ಬಟ್ಟೆಯಿಂದ ಉಜ್ಜಿದಂತೆ ಅಕ್ಷರಗಳು ಒಂದೊಂದೇ ಎದ್ದು ಬಂದವು. ಅವಳಿಗೆ ಓದಲು ಬಾರದು, ಆದರೆ ಬೆರಳಿಗೆ ಎಲ್ಲವೂ ಗೊತ್ತಿದ್ದವು. ಬಾಣಂತಿಯಾಗಿದ್ದಾಗ, ಅತ್ತೆ ಸತ್ತಾಗ, ಹೀಗೇ ಸವರುತ್ತ ಕೂತಿದ್ದಳು. ಸಿ ತಿಜಾನಿ ಬಗ್ಗಿ ಓದಿದ: "ರೊಗಾಟಾ ಅನ್ನೋ ಹೆಂಗಸಿನ ಸಮಾಧಿ ಕಲ್ಲು. ಎಂಬತ್ತೈದು ವರ್ಷ ಬದುಕಿದಳಂತೆ."

ವಾರವಿಡೀ ಶನಿಯಂತೆ ಕಾಡಿದ ಕಲ್ಲು. ಹೋಗುತ್ತದೆ ಅಂದಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ.

ಫಾತಿಹಾ ಮುಗಿದು ಬೀಗರು ಒಳಗೆ ಚಹಾ ಕುಡಿಯುತ್ತಿದ್ದಾಗ ಮೊಂಜಿಯಾ ಹೊರಗೆ ಬಂದು ಕಲ್ಲಿನ ಮೇಲೆ ಕೂತಳು. ಬೆಶೀರನೂ ಲೋಟ ಹಿಡಿದು ಬಂದ.

"ಸ್ವಲ್ಪ ಸರಿಯೇ," ಎಂದ.

"ಇನ್ನೂ ಒದ್ದೆ ಇದೆ ರೀ."

"ಇರ್ಲಿ ಬಿಡೇ," ಎಂದು ಸಮವಸ್ತ್ರದಲ್ಲೇ ಅವಳ ಪಕ್ಕ ಕೂತ.