ವಾರಗಿತ್ತಿಯ ಎಸಿಗಿಂತ ದೊಡ್ಡದು

ಕಾವ್ಯಶ್ರೀಯ ಕ್ಯಾರವಾನ್ ಗುಂಡ್ಲುಪೇಟೆಯಲ್ಲಿ ಬಾಡಿಗೆಗೆ ಓಡತೊಡಗಿದಂದಿನಿಂದ ಚಾಮರಾಜನಗರದ ಶಶಿರೇಖಾಳಿಗೆ ನೆಮ್ಮದಿಯಿರಲಿಲ್ಲ. ಕಾವ್ಯಶ್ರೀ ಅವಳ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಹಳೇ ಟೆಂಪೊ ಟ್ರಾವೆಲರ್‌ನೊಳಗೆ ಮಂಚ, ಒಲೆ, ಎಸಿ ಕೂರಿಸಿ ಬಂಡೀಪುರ ನೋಡಲು ಬರುವವರಿಗೆ ಕೊಡುತ್ತಿದ್ದಳು. ಅತ್ತೆ ಶಾಂತಮಲ್ಲಮ್ಮನಂತೂ ಕಿರಿಸೊಸೆಯ ಬುದ್ಧಿಯನ್ನು ಹೊಗಳುವಾಗ ಹಿರಿಸೊಸೆ ಎದುರಿಗೇ ಇದ್ದಾಳೆಂಬುದನ್ನು ಮರೆಯುತ್ತಿದ್ದಳು.

ಶಶಿರೇಖಾ ಗಂಡ ರಾಜಶೇಖರನನ್ನು ಕಾಡಿ ಅಂಥದೇ ಗಾಡಿ ಮಾಡಿಸಿದಳು. ಎಸಿ ಕೂರಿಸುವ ಹೊತ್ತಿಗೆ ಅವಳು ವಿಚಾರಿಸಿದ್ದು ಒಂದೇ: ಕಾವ್ಯಶ್ರೀ ಎಷ್ಟು ಟನ್ನಿನದು ಹಾಕಿಸಿದ್ದಾಳೆ? ಒಂದು ಟನ್ ಎಂದು ತಿಳಿದದ್ದೇ ತನಗೆ ಎರಡು ಟನ್ನಿನದು ಬೇಕೆಂದು ಹಟ ಹಿಡಿದಳು.

ಸುದ್ದಿ ಕೇಳಿ ಕಾವ್ಯಶ್ರೀಯೇ ಫೋನ್ ಮಾಡಿದಳು.

"ಅಷ್ಟು ದೊಡ್ಡದು ಬ್ಯಾಡ ಕಣಕ್ಕ. ಸಣ್ಣ ಗಾಡಿ ಬಿರ್ರನೆ ತಣ್ಣಗಾಗಿ ಎಸಿ ನಿಂತೋಯ್ತದೆ, ಒಳಗಿನ ತೇವ ಅಂಗೇ ಉಳ್ಕತದೆ. ಜನರೇಟರ್ರೂ ಎಳೆಯಾಕಿಲ್ಲ."

ಶಶಿರೇಖಾ ಆಯಿತೆಂದು ಫೋನಿಟ್ಟಳು. ಆದರೆ ನಮ್ಮ ಗಾಡಿ ಅವಳದಕ್ಕಿಂತ ತಂಪಾದೀತೆಂದು ಕಾವ್ಯಶ್ರೀಗೆ ಹೊಟ್ಟೆಯುರಿ ಎಂದು ಗಂಡನೆದುರು ಆಡಿದಳು. ಎರಡು ಟನ್ನಿನದೇ ಗಾಡಿಯ ತಲೆಯೇರಿತು.

ಮೊದಲ ಮಳೆ ಬಿದ್ದು ಬಿಸಿಲು ಕಾದ ಒಂದು ಮಧ್ಯಾಹ್ನ ಮನೆಮಂದಿಯೆಲ್ಲ ಎರಡೂ ಗಾಡಿಗಳಲ್ಲಿ ಹೊರಟು ಗುಂಡ್ಲುಪೇಟೆಯಾಚೆಯ ತೋಟವೊಂದರಲ್ಲಿ ನಿಂತರು. ಶಶಿರೇಖಾ ಅತ್ತೆಯನ್ನು ಕೈಹಿಡಿದು ತನ್ನ ಗಾಡಿಯಲ್ಲೇ ಕೂರಿಸಿಕೊಂಡಿದ್ದಳು. ಎಸಿ ಹಾಕಿದ್ದೇ ತಡ, ಅತ್ತೆ ಸೆರಗು ಹೊದೆಯುವಷ್ಟು ಚಳಿ. ಆಮೇಲೆ ಅದು ತಟ್ಟನೆ ನಿಂತಿತು. ಹಾಸಿಗೆ, ಮೈ ಎಲ್ಲ ಜಿಗಿಜಿಗಿ. ಮತ್ತೆ ಹೊರಟಿತು, ಮತ್ತೆ ನಿಂತಿತು. ಕೊನೆಗೆ ಜನರೇಟರ್ ನರಳಿ ಸುಮ್ಮನಾಯಿತು.

"ಮೈಯೆಲ್ಲ ಅಂಟಂಟು ಕಣವ್ವ," ಎಂದಳು ಶಾಂತಮಲ್ಲಮ್ಮ. "ಬೇಜಾರು ಮಾಡ್ಕಬ್ಯಾಡ, ಆ ಗಾಡೀಲಿ ಒಸಿ ಮನೀಕತೀನಿ."

ಅತ್ತೆಯ ಹಿಂದೆ ಉಳಿದವರೂ ಇಳಿದರು, ರಾಜಶೇಖರನೂ. ಶಶಿರೇಖಾ ಒಬ್ಬಳೇ ಬಿಗುಮಾನದಿಂದ ಕೂತಳು. ಗಾಡಿ ಕಾದು ಉಸಿರು ಕಟ್ಟುವಂತಾದಾಗ ಅವಳೂ ಹೋಗಬೇಕಾಯಿತು. ಅಲ್ಲಿ ಚಿಕ್ಕ ಎಸಿ ಒಂದೇ ಸಮನೆ ಓಡುತ್ತಿತ್ತು. ಅತ್ತೆ ಕಾವ್ಯಶ್ರೀಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಒಣಗಿದ, ಹಿತವಾದ ತಂಪು. ಅದು ಹಿತವಾಗಿದ್ದುದೇ ಶಶಿರೇಖಾಳ ಎದೆಗೆ ಮುಳ್ಳಾಯಿತು. ಕಾವ್ಯಶ್ರೀ ತಾನು ಹೇಳಿದ್ದನ್ನು ನೆನಪಿಸಲಿಲ್ಲ, ಸರಿದು ಜಾಗ ಕೊಟ್ಟಳು.

ವಾರದೊಳಗೆ ಶಶಿರೇಖಾ ಒಂದು ಟನ್ನಿನ ಎಸಿ ಹಾಕಿಸಿದಳು. ಗಾಡಿಗೆ ಗಿರಾಕಿಗಳೂ ಹತ್ತಿದರು. ಯಾರಾದರೂ ಕೇಳಿದರೆ, ಗಾಡಿಯ ಅಳತೆ, ಕಿಟಕಿ, ಜನರೇಟರಿನ ಶಕ್ತಿ ನೋಡಿ ಎಸಿ ಆರಿಸಬೇಕೆಂದು ತಾನೇ ಕಂಡುಹಿಡಿದವಳಂತೆ ಪಾಠ ಹೇಳುತ್ತಿದ್ದಳು. ಹರದನಹಳ್ಳಿಯ ಮದುವೆಮನೆಯೊಂದರಲ್ಲಿ ಹಾಗೆ ಹೇಳುತ್ತಿದ್ದಾಗ ಹಿಂದಿನಿಂದ ಕಾವ್ಯಶ್ರೀಯ ದನಿ ಕೇಳಿತು.

"ಅಕ್ಕ ಯೋಳೋದು ದಿಟ."

ಅಷ್ಟು ಹೇಳಿ ಅವಳು ಮುಂದೆ ನಡೆದಳು. ಕೊಂಕು ಆಡಿದ್ದರೆ ಶಶಿರೇಖಾ ಎರಡು ಮಾತು ತಿರುಗಿಸಿಯಾದರೂ ಹಗುರಾಗುತ್ತಿದ್ದಳು. ಈಗ ಆ ದೊಡ್ಡ ಗುಣಕ್ಕೂ ಹೊಟ್ಟೆಕಿಚ್ಚುಪಡಬೇಕಾಯಿತು.