ಬೂಮರ್ ಬದಲು ಬೊಗಳಿದವನು

ತೈಹಾಪೆ ಪಟ್ಟಣದಾಚೆಯ ಗುಡ್ಡಗಳಲ್ಲಿ ಕುರಿ ಸಾಕಿಕೊಂಡಿದ್ದ ನೈರಿ ಗುಡ್ಡ ಹತ್ತುವ ತನ್ನ ಹೊಸ ಮೋಟಾರು ಬಗ್ಗಿಯ ಹಿಂದಿನ ತೊಟ್ಟಿಯಲ್ಲಿ ನಾಯಿ ಫ್ಲೋಗೊಂದು ಮರದ ಗೂಡು ಕೂರಿಸಿದ್ದು ತಮ್ಮ ಮರ್ವ್‌ಗೆ ದೊಡ್ಡ ತಮಾಷೆಯಾಗಿತ್ತು. ತಳಕ್ಕೆ ರಬ್ಬರ್ ಹಾಸು, ಗಾಳಿಯಾಡಲು ಪಟ್ಟಿಗಳ ನಡುವೆ ಸಂದು. ಬೋಲ್ಟುಗಳನ್ನು ಅವಳೇ ಬಿಗಿದಿದ್ದಳು.

"ಏನೇ ಇದು, ಫ್ಲೋಗೆ ಬಂಗಲೆ ಕಟ್ಸಿದ್ಯಾ? ಕಿಟಕಿಗೆ ಪರದೆ ಯಾವಾಗ?"

"ನಿನ್ನ ಹಳೇ ಚಡ್ಡಿ ಕೊಡು, ಇವತ್ತೇ ಹಾಕ್ತೀನಿ."

ಫ್ಲೋ ಮೊದಮೊದಲು ಗೂಡಿನತ್ತ ಮುಖವನ್ನೂ ಹಾಕಿರಲಿಲ್ಲ. ನೈರಿ ಒಳಗೆ ಮಾಂಸದ ಚೂರಿಟ್ಟು, ಬಾಗಿಲು ತೆರೆದೇ ಬಿಟ್ಟು ಕಾದಳು. ಆಮೇಲೆ ನಿಂತಲ್ಲೇ ಎಂಜಿನ್ ಶುರು ಮಾಡಿದಳು, ಆಮೇಲೆ ಅಂಗಳದಲ್ಲಿ ನಿಧಾನ ಒಂದು ಸುತ್ತು. ಈಗ ಎಂಜಿನ್ ಗುಟುರು ಹಾಕಿದರೆ ಸಾಕು, ಫ್ಲೋ ತಾನಾಗಿ ಹಾರಿ ಒಳಗೆ ಕೂರುತ್ತಿದ್ದಳು.

ಉಣ್ಣೆ ಕತ್ತರಿಸುವವರು ಮಾರನೇ ದಿನ ಬರುವವರಿದ್ದರು. ಸಂಜೆಗೆ ಮಳೆ ಎಂದು ರೇಡಿಯೋ ಹೇಳಿತ್ತು. ಒದ್ದೆ ಕುರಿಯನ್ನು ಅವರು ಮುಟ್ಟುವುದಿಲ್ಲ. ಹಾಗಾಗಿ ಹಿಂಗುಡ್ಡದ ಮಂದೆಯನ್ನು ಹಗಲಲ್ಲೇ ಕೊಟ್ಟಿಗೆ ಸೇರಿಸಬೇಕಿತ್ತು. ಅಕ್ಕ, ತಮ್ಮ ಇಬ್ಬರೂ ಬೇರೆ ಬೇರೆ ಬಗ್ಗಿಯಲ್ಲಿ ಹೊರಟರು. ಮರ್ವ್‌ನ ನಾಯಿ ಬೂಮರ್, ಕಪ್ಪು ಮೈಯ ದೈತ್ಯ. ಹಿಂದಿನಿಂದ ಬೊಗಳಿ ಬೊಗಳಿ ಕುರಿ ಅಟ್ಟುವುದೇ ಅವನ ಕಸುಬು. ಫ್ಲೋ ಬೊಗಳುವವಳಲ್ಲ, ಸದ್ದಿಲ್ಲದೆ ಸುತ್ತು ಹಾಕಿ ಮುಂದೆ ನಿಂತು ತಡೆಯುವವಳು.

ಮರ್ವ್ ಬೂಮರ್‌ನ ಕುತ್ತಿಗೆಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಬಗ್ಗಿಯ ಕಂಬಿಗೆ ಬಿಗಿದಿದ್ದ.

"ಕುತ್ತಿಗೆಗೆ ಕಟ್ಬೇಡ್ವೋ, ಎದೆಪಟ್ಟಿ ಹಾಕಿ ಅದಕ್ಕೆ ಕಟ್ಟು. ಹಗ್ಗಾನೂ ಗಿಡ್ಡ ಮಾಡು. ಅಂಚಿಗೆ ಬರೋಕೇ ಆಗ್ಬಾರ್ದು."

"ಹುಟ್ಟಿದಾಗಿಂದ ಹೀಗೇ ಓಡಾಡ್ತಿದ್ದಾನೆ ಕಣೇ. ಬಾ ಬಾ, ಮಳೆ ಬರುತ್ತೆ."

ಇಳಿಜಾರಿನಲ್ಲಿ ಮೊಲವೊಂದು ದಾರಿಗೆ ಅಡ್ಡ ಓಡಿತು. ಬೂಮರ್ ಹಾರಿಯೇಬಿಟ್ಟ. ಅಂಚು ದಾಟಿ ಹಾರುವಷ್ಟು ಉದ್ದವಿದ್ದ ಹಗ್ಗ, ನಾಲ್ಕೂ ಕಾಲು ನೆಲಕ್ಕೂರುವಷ್ಟು ಉದ್ದವಿರಲಿಲ್ಲ. ಹಿಂಗಾಲು ಮಣ್ಣು ಕೆರೆಯುತ್ತ ಅವನು ಪಕ್ಕದಲ್ಲಿ ನೇತಾಡತೊಡಗಿದ. ಮುಂದೆ ಹೋಗುತ್ತಿದ್ದ ಮರ್ವ್‌ಗೆ ಏನೂ ಕಾಣಲಿಲ್ಲ. ನೈರಿ ಹಾರ್ನ್ ಒತ್ತಿದಳು. ಅಕ್ಕ ಅವಸರ ಮಾಡುತ್ತಿದ್ದಾಳೆಂದುಕೊಂಡು ಅವನು ಕೈಯೆತ್ತಿ ವೇಗ ಹೆಚ್ಚಿಸಿದ.

ದಾರಿ ಮುಂದೆ ದೊಡ್ಡ ತಿರುವು ತೆಗೆದುಕೊಂಡು ಕೆಳಗೆ ಮತ್ತೆ ಇತ್ತಲೇ ಬರುತ್ತಿತ್ತು. ಆ ನಡುವಿನ ಹುಲ್ಲಿಳಿಜಾರು ನೈರಿಗೆ ಅಂಗೈಯಷ್ಟು ಪರಿಚಿತ. ಅವಳು ದಾರಿ ಬಿಟ್ಟು, ಅಡ್ಡ ತಿರುಗಿಸದೆ, ಮೂತಿ ನೇರ ಕೆಳಗಿಟ್ಟು ಬಗ್ಗಿ ಇಳಿಸಿದಳು. ಬೆಲ್ಟು ಭುಜ ಕಚ್ಚಿತು. ಹಿಂದೆ ಗೂಡು ಗಡಗಡ ಎಂದಿತು, ಆದರೆ ಅಲುಗಲಿಲ್ಲ. ಕೆಳದಾರಿಗೆ ಬಂದು ಅಡ್ಡ ನಿಲ್ಲಿಸಿದಾಗ ಫ್ಲೋ ರಬ್ಬರ್ ಹಾಸಿನ ಮೇಲೆ ಹೊಟ್ಟೆಯೊತ್ತಿ ಕುಳಿತಿದ್ದಳು, ಒಂದು ಗೀರೂ ಇಲ್ಲ.

ಮರ್ವ್ ಬ್ರೇಕ್ ಹಾಕಿ ಇಳಿಯುವಷ್ಟರಲ್ಲಿ ನೈರಿ ಓಡಿಹೋಗಿ ಬೂಮರ್‌ನನ್ನು ತೋಳಲ್ಲಿ ಎತ್ತಿ ಹಿಡಿದಿದ್ದಳು.

"ಹಗ್ಗ ಕೊಯ್ಯೋ! ನಿಂತ್ಕೊಂಡು ನೋಡ್ತೀಯಲ್ಲ, ಕೊಯ್ಯೋ!"

ಮರ್ವ್‌ನ ಚಾಕು ಎರಡು ಸಲ ಜಾರಿತು. ಹಗ್ಗ ತುಂಡಾದಾಗ ಬೂಮರ್ ಹುಲ್ಲಿನ ಮೇಲೆ ಬಿದ್ದುಕೊಂಡು ಗೊರಗೊರ ಉಸಿರೆಳೆದ. ಸ್ವಲ್ಪ ಹೊತ್ತಿಗೆ ಎದ್ದು ನಿಂತ. ಯಜಮಾನನ ಮುಖ ನೋಡಿ ಬೊಗಳಲು ಬಾಯಿ ತೆರೆದ, ಸ್ವರವೇ ಹೊರಡಲಿಲ್ಲ.

"ಕೊಂದೇಬಿಡ್ತಿದ್ದೆ ಕಣೇ," ಅಂದ ಮರ್ವ್.

ನೈರಿ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದಳು. ಅವರು ದೂರದ ಹೊಲದಲ್ಲಿದ್ದರು. ಸರಾಗ ಉಸಿರಾಡುತ್ತಿದ್ದರೆ ನೆರಳಲ್ಲಿ ಮಲಗಿಸಿ, ಸಂಜೆ ಕರೆತನ್ನಿ, ಉಸಿರು ಕಟ್ಟಿದರೆ ಆ ಕ್ಷಣ ಹೇಳಿ, ಓಡಿ ಬರುತ್ತೇನೆ ಎಂದರು. ಫ್ಲೋಳನ್ನು ಇಳಿಸಿದ ಮೇಲೆ ಬೂಮರ್ ಯಾರ ಒತ್ತಾಯವೂ ಇಲ್ಲದೆ ಖಾಲಿ ಗೂಡಿನೊಳಗೆ ಹೋಗಿ ಮಲಗಿದ.

"ಇನ್ನು ಮಂದೆ ಅಟ್ಟೋರ್ಯಾರು?"

"ನೀನೇ," ಅಂದಳು ನೈರಿ. "ಚಿಕ್ಕಂದಿನಿಂದ್ಲೂ ಊರಿಗೆಲ್ಲ ಕೇಳೋ ಗಂಟಲು ನಿಂದು. ಫ್ಲೋ ಮುಂದೆ ತಡೀತಾಳೆ, ನೀನು ಹಿಂದಿನಿಂದ ಬೊಗಳು. ನಾನು ಬೂಮರ್‌ನ ನೋಡ್ಕೊಂಡು ನಿಧಾನ ಬರ್ತೀನಿ."

ಮರ್ವ್ ಬೊಗಳಿದ. ಮೊದಲು ನಾಚುತ್ತ, ಆಮೇಲೆ ಹೊಟ್ಟೆಯಾಳದಿಂದ. ಕುರಿಗಳು ಒಂದು ಗಳಿಗೆ ತಲೆಯೆತ್ತಿ ನೋಡಿ, ಇದು ಎಂಥಾ ಪ್ರಾಣಿಯೋ ಎಂಬಂತೆ ಕಾಲಿಗೆ ಬುದ್ಧಿ ಹೇಳಿದವು. ಕೊಟ್ಟಿಗೆಯ ಬಾಗಿಲು ಹಾಕುವಾಗ ಮೊದಲ ಹನಿ ತಗಡಿನ ಮೇಲೆ ಬಿತ್ತು.

ಸಂಜೆ ದವಾಖಾನೆಯಲ್ಲಿ ಡಾಕ್ಟರ್ ಏನಾಯಿತೆಂದು ಕೇಳಿದಾಗ ಮರ್ವ್‌ನ ಬಾಯಿಂದ ಬರೀ ಗಾಳಿ ಬಂತು.

"ಇಬ್ಬರಲ್ಲಿ ರೋಗಿ ಯಾರಪ್ಪ?" ಅಂದರು ಆಕೆ.

ಬೂಮರ್‌ನ ಗಂಟಲು ಊದಿದೆ, ಒಳಗೇನೂ ಮುರಿದಿಲ್ಲ, ಕೆಲವು ವಾರ ಕೆಲಸ ಬೇಡ, ಸ್ವರ ಮರಳುತ್ತದೆ ಎಂದರು. ಮರ್ವ್ ನೆಲದ ಮೇಲೆ ಕಾಲು ಚಾಚಿ ಕೂತು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನಾಯಿಗೆ ನೀರಿನ ಬಟ್ಟಲು ಹಿಡಿಯಲು ನೈರಿ ಬಗ್ಗಿದಾಗ ಬೇಡವೆಂದು ತಲೆಯಾಡಿಸಿ, ಅದನ್ನು ತಾನೇ ತೆಗೆದುಕೊಂಡು ಬೂಮರ್‌ನ ಬಾಯಿಗೆ ಹಿಡಿದ.